ಕಲ್ಲಿಗೆ ಹತ್ತು ಹಣ: ರಾಯಚೂರು ಕೋಟೆ, 1520

ರಾಯಚೂರು ಕೋಟೆಯ ಗೋಡೆಯಿಂದ ಒಂದು ಕಲ್ಲು ಕಿತ್ತವನಿಗೆ ಹತ್ತು ಹಣ. ಕಲ್ಲು ದೊಡ್ಡದಾದರೆ ಇಪ್ಪತ್ತು, ಮೂವತ್ತು, ನಲವತ್ತು. ಭಾರಿ ಗಾತ್ರದ್ದಾದರೆ ಐವತ್ತು. 1520ರ ಬೇಸಿಗೆಯಲ್ಲಿ ವಿಜಯನಗರದ ದಳಪತಿಗಳು ತಮ್ಮ ಕಾಲಾಳುಗಳಿಗೆ ಕಟ್ಟಿದ ದರ ಇದು. ಇದನ್ನು ಬರೆದಿಟ್ಟವನು ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಯುದ್ಧ ಮುಗಿದು ಹದಿನೈದು ವರ್ಷ ಕಳೆದ ಮೇಲೆ ವಿಜಯನಗರದಲ್ಲಿದ್ದವನು. ಇಲ್ಲಿ ಹಣ ಎಂದರೆ ದುಡ್ಡು ಎಂಬ ಇವತ್ತಿನ ಸಾಮಾನ್ಯ ಅರ್ಥವಲ್ಲ. ಅದೊಂದು ಪುಟ್ಟ ಚಿನ್ನದ ನಾಣ್ಯ. ಹತ್ತು ಕೂಡಿದರೆ ಒಂದು ವರಹ. ಐವತ್ತು ಹಣದ ಕಲ್ಲು ಎಂದರೆ ಐದು ವರಹದ ಕಲ್ಲು.

ಶಾಲೆಯ ಪಾಠದಲ್ಲಿ ರಾಯಚೂರಿನ ಯುದ್ಧಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು: ಕೃಷ್ಣದೇವರಾಯ ಗೆದ್ದ, ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಸೋತ. ಸ್ವಲ್ಪ ಮುಂದೆ ಓದಿದವರಿಗೆ ಪೋರ್ಚುಗೀಸರ ಕೋವಿಯ ಕಥೆ ಗೊತ್ತಿರುತ್ತದೆ. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಈ ದರಪಟ್ಟಿಯ ಮೇಲೆಯೇ ನಿಲ್ಲುತ್ತದೆ. ಇನ್ನೂರು ಭಾರಿ ತೋಪುಗಳಿದ್ದ ಕೋಟೆಯನ್ನು ಹಾರೆ ಪಿಕಾಸಿ ಹಿಡಿದ ಆಳುಗಳು ಕಲ್ಲು ಕಲ್ಲಾಗಿ ಕೀಳುತ್ತಿದ್ದರು ಎಂದರೆ, ಆ ಗೋಡೆ ಎಂಥದ್ದು? ಆ ತೋಪುಗಳು ಏನು ಮಾಡುತ್ತಿದ್ದವು?

ಎಡೆದೊರೆಯ ಕೋಟೆ

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಎರಡು ತೊರೆಗಳ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಆಮೇಲೆ ಬಂದ ದೋಆಬ್ ಎಂಬ ಪಾರಸಿ ಮಾತಿಗಿಂತ ಎಷ್ಟೋ ಚೆಂದದ ಹೆಸರು. ಯಾಕೋ ನಾವು ಬಿಟ್ಟುಬಿಟ್ಟೆವು. ರಾಯಚೂರು ಈ ನಾಡಿನ ಪೂರ್ವದ ಕಡೆಗಿದೆ. ಎರಡೂ ನದಿಗಳು ಸುಮಾರು ಒಂದೊಂದು ದಿನದ ನಡಿಗೆಯ ದೂರ. ಬೆಟ್ಟದ ಮೇಲೊಂದು ಬಾಲಾ ಹಿಸಾರ್, ಅಂದರೆ ಮೇಲುಕೋಟೆ, ಕೆಳಗೆ ಊರು, ಊರಿನ ಸುತ್ತ ಗೋಡೆ.

ಒಳಗೋಡೆಯನ್ನು ಕಟ್ಟಿಸಿದ್ದು 1294ರಲ್ಲಿ, ಕಾಕತೀಯರ ಕಾಲದಲ್ಲಿ. ರಾಣಿ ರುದ್ರಮ್ಮನ ಮಂತ್ರಿ ಗೋರೆ ಗನ್ನಯ್ಯ ರೆಡ್ಡಿ, ಅವನ ದಂಡನಾಯಕ ವಿಠ್ಠಲನಾಥ. ಆದವಾನಿ, ಮಾನವಿ ಮೊದಲಾದ ಕೋಟೆಗಳನ್ನು ಗೆದ್ದು ರಾಯಚೂರಿಗೆ ಬಂದು ವಿಠ್ಠಲನಾಥ ಈ ಗೋಡೆ ಕಟ್ಟಿಸಿದನೆಂದು ಹೇಳುವ ಶಾಸನ ಪಶ್ಚಿಮದ ಒಳಗೋಡೆಯಲ್ಲೇ ಇದೆ. ಶಾಸನಕ್ಕಿಂತ ಶಾಸನದ ಕಲ್ಲೇ ದೊಡ್ಡ ಸುದ್ದಿ: ಒಂದೇ ಕಲ್ಲು, ಉದ್ದ 41 ಅಡಿಗೂ ಹೆಚ್ಚು. ಅಕ್ಷರಗಳ ಕೆಳಗೆ ಅದನ್ನು ಇಲ್ಲಿಗೆ ತಂದ ಬಗೆಯನ್ನೂ ಕೊರೆದಿದ್ದಾರೆ. ಗಟ್ಟಿಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಜೋಡಿ ಜೋಡಿಯಾಗಿ ಹೂಡಿದ ಕೋಣಗಳ ಉದ್ದನೆಯ ಸಾಲು, ಹುರಿದುಂಬಿಸುತ್ತಿರುವ ಆಳುಗಳು, ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವವರು. ಕೋಟೆ ಕಟ್ಟಿಸಿದ ಒಡೆಯರ ಹೆಸರು ಎಲ್ಲ ಕಡೆಯೂ ಸಿಗುತ್ತದೆ. ಕಲ್ಲು ಎಳೆದ ಕೋಣಗಳ ಚಿತ್ರ ಸಿಗುವುದು ಅಪರೂಪ.

ಆಮೇಲೆ ಬಹಮನಿ ಸುಲ್ತಾನರು, ಅವರ ಹಿಂದೆಯೇ ಬಿಜಾಪುರದ ಆದಿಲ್ ಶಾಹಿಗಳು. ಆ ಕಡೆಯವರಿಗೆ ರಾಯಚೂರು ತುಂಗಭದ್ರೆ ದಾಟುವ ಹೆಬ್ಬಾಗಿಲು. ಈ ಕಡೆಯವರಿಗೆ ಕೃಷ್ಣೆ ದಾಟುವ ಹೆಬ್ಬಾಗಿಲು. ಎರಡು ಶತಮಾನ ಈ ನೆಲ ಕೈಯಿಂದ ಕೈಗೆ ದಾಟಿದ ಕಥೆಯನ್ನು ಇಲ್ಲಿ ಬಿಚ್ಚುವುದಿಲ್ಲ. 1520ರಲ್ಲಿ ಕೋಟೆ ಬಿಜಾಪುರದ ಕೈಯಲ್ಲಿತ್ತು ಎಂಬಷ್ಟು ಸಾಕು.

ನೆಪ

ನೂನಿಜ್ ಹೇಳುವ ಪ್ರಕಾರ ಜಗಳ ಹತ್ತಿದ್ದು ಕುದುರೆಯ ದುಡ್ಡಿನಿಂದ. ತನ್ನ ಸೇವೆಯಲ್ಲಿದ್ದ ಸಿದೆ ಮೆರ್ಕಾರ್ ಎಂಬ ಮುಸಲ್ಮಾನ ವ್ಯಾಪಾರಿಯ ಕೈಯಲ್ಲಿ ರಾಯ 40,000 ವರಹ ಕೊಟ್ಟು ಕುದುರೆ ಕೊಂಡು ತರಲು ಗೋವಾಕ್ಕೆ ಕಳಿಸಿದ. ಅವನು ಫೋಂಡಾದವರೆಗೆ ಹೋಗಿ, ಅಲ್ಲಿಂದ ದುಡ್ಡಿನ ಸಮೇತ ಆದಿಲ್ ಶಾಹನ ಸೀಮೆಗೆ ಓಡಿದ. ಒಪ್ಪಿಸಿ ಎಂದು ರಾಯ ಹೇಳಿ ಕಳಿಸಿದ. ಇವನು ಪೈಗಂಬರರ ವಂಶದವನು, ಒಪ್ಪಿಸಲಾಗದು ಎಂದು ಬಿಜಾಪುರದಿಂದ ಉತ್ತರ ಬಂತು. ಯುದ್ಧಕ್ಕೆ ಅಷ್ಟು ಸಾಕಾಯಿತು.

ಅಷ್ಟೇ ಸಾಕಾಗಿತ್ತೇ ಎಂಬುದು ಬೇರೆ ಮಾತು. ಅದೇ ನೂನಿಜ್ ಇನ್ನೊಂದು ಕಡೆ, ವಿಜಯನಗರದ ಹಿಂದಿನ ಅರಸ ಸಾಳುವ ನರಸಿಂಹ ಸಾಯುವಾಗ ತನ್ನ ನಂತರದವರು ಮೂರು ಕೋಟೆಗಳನ್ನು ಗೆಲ್ಲಬೇಕೆಂದು ಹೇಳಿ ಹೋಗಿದ್ದನೆಂದು ಬರೆಯುತ್ತಾನೆ. ಉದಯಗಿರಿ ಅದರಲ್ಲೊಂದು, ಅದು 1514ರಲ್ಲೇ ಕೃಷ್ಣದೇವರಾಯನ ಕೈಸೇರಿತ್ತು. ರಾಯಚೂರು ಇನ್ನೊಂದು. ಬಾಕಿ ಉಳಿದ ಲೆಕ್ಕಕ್ಕೆ ಮೆರ್ಕಾರ್ ನೆಪವಾಗಿ ಒದಗಿದ ಎಂದೇ ನನಗೆ ಅನ್ನಿಸುತ್ತದೆ.

ದಂಡಿನ ಲೆಕ್ಕವನ್ನು ನೂನಿಜ್ ಕೊಡುವುದು ನಂಬಲು ಕಷ್ಟವಾಗುವ ಧಾರಾಳತನದಿಂದ. ಅವನು ಹೇಳುವ ಒಬ್ಬೊಬ್ಬ ನಾಯಕನ ಕಾಲಾಳುಗಳನ್ನು ಕೂಡಿದರೆ ಏಳು ಲಕ್ಷ ದಾಟುತ್ತದೆ. ಕುದುರೆ ಮೂವತ್ತು ಸಾವಿರದ ಮೇಲೆ, ಆನೆ ಐನೂರರ ಮೇಲೆ. ಇದರಲ್ಲಿ ಎಷ್ಟು ಸೊನ್ನೆ ಕಳೆಯಬೇಕೆಂಬುದು ಓದುವವರ ಇಷ್ಟ. ಆದರೆ ಅದೇ ಪಟ್ಟಿಯಲ್ಲಿರುವ ಒಂದು ವಿವರ ನನಗೆ ನಿಜದಂತೆ ಕಾಣುತ್ತದೆ: ದಾರಿಯುದ್ದಕ್ಕೂ ನೀರಿನ ಚೀಲ ಹೊತ್ತ ಸಾವಿರಾರು ಜನ. ಹತ್ತೋ ಹನ್ನೆರಡೋ ಸಾವಿರ ಎನ್ನುತ್ತಾನೆ. ರಾಯಚೂರಿನ ಏಪ್ರಿಲ್ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪಾರೆ ಕಾದು, ನೆಲ ಬಿರಿದು, 40 ಡಿಗ್ರಿ ದಾಟುವ ಬಿಸಿಲು. ಎರಡು ನದಿಗಳ ನಾಡು ಎಂಬುದು ನಕಾಶೆಯ ಮಾತು. ಕೋಟೆಯ ಮುಂದೆ ನಿಂತ ಸಿಪಾಯಿಗೆ ಎರಡೂ ನದಿ ದೂರ.

ಕೋಟೆಯೊಳಗಿದ್ದವರಿಗೆ ಆ ಕಷ್ಟವಿರಲಿಲ್ಲ. ಬೆಟ್ಟದ ತುದಿಯಲ್ಲಿ ವರ್ಷವಿಡೀ ಬತ್ತದ ಒಂದು ಊಟೆ ಇತ್ತೆಂದು ನೂನಿಜ್ ಬೆರಗಿನಿಂದ ಬರೆಯುತ್ತಾನೆ. ಅದರ ಮೇಲೆ ಕೆರೆ, ಬಾವಿಗಳು. ಐದು ವರ್ಷಕ್ಕಾಗುವಷ್ಟು ದವಸ. 8,000 ಕಾವಲು ಸೈನಿಕರು, 400 ಕುದುರೆ, 20 ಆನೆ, ಬಂಡೆ ಎಸೆಯುವ 30 ಕವಣೆಯಂತ್ರಗಳು, 200 ಭಾರಿ ತೋಪುಗಳು, ಸಣ್ಣವು ಲೆಕ್ಕಕ್ಕಿಲ್ಲ. ಒಂದು ಬುರುಜಿನಲ್ಲಿ ಆಡಿದ ಮಾತು ಮುಂದಿನ ಬುರುಜಿಗೆ ಕೇಳಿಸುವಷ್ಟು ಹತ್ತಿರ ಹತ್ತಿರ ಬುರುಜುಗಳು. ನೀರು ಮುಗಿಸಿ, ಹಸಿವಿಗೆ ಕೆಡವಿ ಗೆಲ್ಲುವ ಕೋಟೆ ಇದಲ್ಲ.

ಗೋಡೆಯ ಬುಡ

ವಿಜಯನಗರದ ದಂಡು ಮೊದಲು ಹತ್ತಿರದ ಮಲಿಯಾಬಾದಿನಲ್ಲಿ ಬೀಡುಬಿಟ್ಟು ದಣಿವಾರಿಸಿಕೊಂಡು, ಆಮೇಲೆ ರಾಯಚೂರನ್ನು ಮುತ್ತಿತು. ರಾಯನ ಬಿಡಾರ ಪೂರ್ವದ ಕಡೆಗೆ. ಗೋಡೆಯನ್ನು ತೋಪಿನಿಂದ ಒಡೆಯಲು ಹೊರಟರೆಂಬ ಮಾತು ನೂನಿಜ್‌ನ ಬರಹದಲ್ಲಿ ಕಾಣುವುದಿಲ್ಲ. ಕಾಣುವುದು ಪಿಕಾಸಿ ಮತ್ತು ಹಾರೆ.

ಗೋಡೆ ಇದ್ದ ಬಗೆಯನ್ನು ಅವನು ಎರಡೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಒಂದು, ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿದ್ದು. ಎರಡು, ಒಳಗೆ ಮಣ್ಣು ತುಂಬಿದ್ದು. ಇಡೀ ಪ್ರಕರಣ ಈ ಎರಡು ಮಾತಿನಲ್ಲಿದೆ.

ಇವತ್ತಿಗೂ ಒಳಗೋಡೆಯ ಬಳಿ ನಿಂತರೆ ಮೊದಲನೆಯದು ಕಣ್ಣಿಗೆ ಬೀಳುತ್ತದೆ. ಮೈ ನುಣುಪಾಗಿ ಕೆತ್ತಿದ ಕಲ್ಲುಗಳು ಒಂದರ ಮೇಲೊಂದು ಕೂತಿವೆ, ಸಂದಿಯಲ್ಲಿ ಸುಣ್ಣವಿಲ್ಲ. ಅವನ್ನು ಹಿಡಿದಿಟ್ಟಿರುವುದು ಅವುಗಳ ತೂಕವೇ. ಇಂಥ ಗೋಡೆಗೆ ಬಂಡೆಯೋ ಗುಂಡೋ ಬಡಿದರೆ ಹಿಂದಿನ ಮಣ್ಣು ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಕಲ್ಲು ಒಂದಿಷ್ಟು ಅಲುಗಬಹುದು, ಗೋಡೆ ಉರುಳುವುದಿಲ್ಲ. ಆದರೆ ಹಾರೆಯ ತುದಿಗೆ ಬೇಕಾದ್ದು ಬೆರಳಗಲದ ಸಂದಿ. ಗಾರೆ ಹಿಡಿದ ಗೋಡೆಯಾದರೆ ಕಲ್ಲನ್ನು ಒಡೆದು ತೆಗೆಯಬೇಕು. ಇಲ್ಲಿ ಮೀಟಿ ತೆಗೆದರಾಯಿತು. ಒಂದು ಕಲ್ಲು ಕಿತ್ತರೆ ಅಕ್ಕಪಕ್ಕದ್ದು ಸಡಿಲ. ಹಿಂದಿನ ಮಣ್ಣು ಸುರಿದರೆ ಹತ್ತಲು ಇಳಿಜಾರು. ಕಲ್ಲುಕುಟಿಗನ ಕೈಚಳಕವೇ ಇಲ್ಲಿ ಶತ್ರುವಿಗೆ ಹಿಡಿಕೆಯಾಯಿತು.

ಇನ್ನು ತೋಪುಗಳು. ಅವನ್ನು ಗೋಡೆಯ ಮೇಲೆ ತೀರಾ ಎತ್ತರದಲ್ಲಿ ಕೂರಿಸಿದ್ದರು. ದೂರದಿಂದ ಬರುವ ದಂಡಿಗೆ ಅದು ಸರಿ. ಗೋಡೆಯ ಬುಡಕ್ಕೆ ಬಂದು ಮೈ ಅಂಟಿಸಿ ನಿಂತವನಿಗೆ? ತೋಪಿನ ಬಾಯನ್ನು ಅಷ್ಟು ಕೆಳಕ್ಕೆ ಬಗ್ಗಿಸಲಾಗುವುದಿಲ್ಲ. ಬುಡದಲ್ಲಿ ನಿಂತವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ ಎಂದು ನೂನಿಜ್ ಸ್ಪಷ್ಟವಾಗಿ ಬರೆದಿದ್ದಾನೆ. ಒಳಗೆ ಮಣ್ಣು ತುಂಬಿದ್ದರಿಂದ ಗೋಡೆಯಲ್ಲಿ ಬಾಣಗಂಡಿಗಳೂ ಇರಲಿಲ್ಲ. ಕೆಳಗಿನವರನ್ನು ಹೊಡೆಯಬೇಕಾದರೆ ಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ಎದ್ದಿರುವ ತೆನೆಗಳ ನಡುವೆ ಎದೆಯವರೆಗೆ ಹೊರಗೆ ಬಾಗಬೇಕು.

ಹಾಗೆ ಬಾಗಿ ಕಲ್ಲು ಉರುಳಿಸಿದರು, ಬಾಣ ಬಿಟ್ಟರು. ಬುಡಕ್ಕೆ ಬರುವ ದಾರಿಯಲ್ಲೇ ಬಹಳ ಜನ ಸತ್ತರು. ಸಿಪಾಯಿಗಳು ಹಿಂಜರಿಯತೊಡಗಿದರು. ದಳಪತಿಗಳು ಕಲ್ಲಿಗೆ ಬೆಲೆ ಕಟ್ಟಿದ್ದು ಆಗ. ಗುಂಪಿಗೆ ಇನಾಮು ಎಂದಿದ್ದರೆ ಪ್ರತಿಯೊಬ್ಬನೂ ಪಕ್ಕದವನು ಹೋಗಲಿ ಎಂದು ಕಾಯುತ್ತಿದ್ದನೇನೋ. ಇಲ್ಲಿ ಕಿತ್ತ ಕಲ್ಲು ಅವನವನದು. ಗಾತ್ರ ನೋಡಿ ದುಡ್ಡು. ಸಂಜೆಯ ಹೊತ್ತಿಗೆ ಬಿಡಾರದ ಮುಂದೆ ಕಲ್ಲು ಹೊತ್ತು ನಿಂತ ಸಾಲು, ಇದು ಇಪ್ಪತ್ತರ ಕಲ್ಲೋ ಮೂವತ್ತರ ಕಲ್ಲೋ ಎಂಬ ಚೌಕಾಶಿ! ನೂನಿಜ್ ಇದನ್ನು ಬರೆದಿಲ್ಲ, ನಾನು ಊಹಿಸಿಕೊಳ್ಳುತ್ತಿದ್ದೇನೆ. ಬರೆದದ್ದು ಇಷ್ಟು: ಈ ಉಪಾಯದಿಂದ ಗೋಡೆ ಹಲವು ಕಡೆ ಬಿಚ್ಚಿಕೊಂಡಿತು, ಆದರೂ ಒಳಗಿನವರು ಬಗ್ಗಲಿಲ್ಲ. ಹೀಗೆ ಮೂರು ತಿಂಗಳು.

ನದಿಯ ದಡ

ಅಷ್ಟರಲ್ಲಿ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯ ಕೃಷ್ಣೆಯ ಆಚೆ ದಡದಲ್ಲಿ ಬಂದು ನಿಂತಿತು. ರಾಯ ಮುತ್ತಿಗೆಯನ್ನು ಅಲ್ಲಿಗೇ ಬಿಟ್ಟು ಅತ್ತ ತಿರುಗಿದ. ಮೇ 19ರ ಶನಿವಾರ ಎಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಆ ದಿನ ನಡೆದದ್ದರ ಬಗ್ಗೆ ಎರಡು ಕಥೆಗಳಿವೆ.

ನೂನಿಜ್ ಕಥೆಯಲ್ಲಿ ಬಿಜಾಪುರದವರು ನದಿ ದಾಟಿ, ನೀರಿಗೆ ಬೆನ್ನುಕೊಟ್ಟು, ಕಂದಕ ತೋಡಿ ತೋಪುಗಳನ್ನು ಸಾಲಾಗಿ ನಿಲ್ಲಿಸಿದರು. ವಿಜಯನಗರದ ಮುಂಚೂಣಿ ಹತ್ತಿರ ಬಂದಾಗ ಎಲ್ಲವನ್ನೂ ಒಟ್ಟಿಗೆ ಹಾರಿಸಿದರು. ಮುಂಚೂಣಿ ಚದುರಿ ಓಡಿತು. ರಾಯ ಕುದುರೆ ಏರಿ, ತಾನು ಸತ್ತರೆ ರಾಣಿಯರಿಗೆ ತೋರಿಸೆಂದು ಬೆರಳಿನ ಉಂಗುರವನ್ನು ಒಬ್ಬ ಹುಡುಗನ ಕೈಗಿತ್ತು, ಎರಡನೆಯ ಸಾಲಿನೊಂದಿಗೆ ನುಗ್ಗಿದ. ಅಟ್ಟಿಸಿಕೊಂಡು ಬರುತ್ತಾ ಸಾಲು ಮುರಿದಿದ್ದ ಬಿಜಾಪುರದವರು ತಿರುಗಿ ಓಡಿ ನದಿಗೆ ಬಿದ್ದರು. ತೋಪಿನ ತೊಡಕು ಇಲ್ಲಿಯೂ ಕಾಣುತ್ತದೆ: ಎಲ್ಲ ಒಮ್ಮೆಗೇ ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಅಷ್ಟು ಹೊತ್ತು ಕುದುರೆ ಕಾಯುವುದಿಲ್ಲ.

ಇನ್ನೊಂದು ಕಥೆ ಫಿರಿಷ್ತಾನದು. ಬಿಜಾಪುರದ ಆಸ್ಥಾನದಲ್ಲಿ ಕುಳಿತು ಹಲವು ದಶಕಗಳ ಮೇಲೆ ಬರೆದವನು. ಅವನ ಪ್ರಕಾರ ಸುಲ್ತಾನ ಮದ್ಯದ ಅಮಲಿನಲ್ಲಿದ್ದ. ತಟ್ಟನೆ ನದಿ ದಾಟಬೇಕೆಂದು ಹೊರಟ. ಜೊತೆಗೆ ಸ್ವಲ್ಪವೇ ಜನ. ದಾಟಿದವರಲ್ಲಿ ಹೆಚ್ಚಿನವರು ಸತ್ತರು ಅಥವಾ ಮುಳುಗಿದರು. ಸೋತ ಮನೆಯ ಬರಹಗಾರನಿಗೆ ಸೋಲನ್ನು ಹೆಂಡದ ತಲೆಗೆ ಕಟ್ಟುವುದು ಅನುಕೂಲವೇ. ಗೆದ್ದವರ ಊರಿನಲ್ಲಿ ಕುದುರೆ ಮಾರುತ್ತಿದ್ದವನಿಗೆ ಶತ್ರುವಿನ ಬಲವನ್ನು ಹಿಗ್ಗಿಸಿ ಹೇಳುವುದೂ ಅನುಕೂಲವೇ. ಇಬ್ಬರೂ ಒಪ್ಪುವುದು ನದಿಯನ್ನು: ಬಿಜಾಪುರದ ಸೈನ್ಯ ಕೃಷ್ಣೆಯ ತಪ್ಪು ದಡದಲ್ಲಿ ಸಿಕ್ಕಿಬಿದ್ದಿತ್ತು.

ವಿಜಯನಗರದ ಕಡೆ 16,000 ಜನ ಸತ್ತರು ಎಂಬ ನೂನಿಜ್‌ನ ಲೆಕ್ಕ ನಿಜವಿದ್ದರೆ ಅದು ಸುಲಭದ ಗೆಲುವಲ್ಲ. ಕೈಸೇರಿದ್ದು 400 ಭಾರಿ ತೋಪು, 900 ತೋಪಿನ ಬಂಡಿ, 4,000 ಕುದುರೆ, 100 ಆನೆ. ಓಡಿಹೋದವರ ಬೆನ್ನಟ್ಟೋಣ ಎಂದು ದಳಪತಿಗಳು ಅಂದರೂ ರಾಯ ಒಪ್ಪಲಿಲ್ಲ. ಸತ್ತವರಿಗೆ ಸಂಸ್ಕಾರ ಮಾಡಿಸಿ ರಾಯಚೂರಿಗೆ ಹಿಂತಿರುಗಿದ.

ಹಣೆಗೆ ಬಿದ್ದ ಗುಂಡು

ಈಗ ಬರುತ್ತಾನೆ ಕ್ರಿಸ್ತೊವಾವೊ ದೆ ಫಿಗೆರೆದೊ. ಇವನೂ ಕುದುರೆ ಮಾರಲು ಬಂದವನೇ; ಜೊತೆಗೆ ಕೋವಿ ಹಿಡಿದ ಇಪ್ಪತ್ತು ಪೋರ್ಚುಗೀಸರು. ಗೋಡೆಯ ಹತ್ತಿರ ಹೋಗಿ ನೋಡಲು ರಾಯನ ಅಪ್ಪಣೆ ಕೇಳಿದ. ಇಪ್ಪತ್ತು ಕೋವಿಗಳಿಂದ ರಾಯಚೂರು ಬಿತ್ತು ಎಂದು ಕಥೆ ಕಟ್ಟುವವರಿದ್ದಾರೆ. ಬರೆದವನೂ ಅದೇ ದೇಶದವನಾದ್ದರಿಂದ ಒಂದು ಹಿಡಿ ಉಪ್ಪು ಹೆಚ್ಚೇ ಹಾಕಿರಬಹುದು. ಆದರೂ ಅಲ್ಲಿ ನಡೆದದ್ದು ಗೋಡೆಯ ಅದೇ ಗುಟ್ಟಿಗೆ ಹೊಂದಿಕೊಳ್ಳುತ್ತದೆ.

ಕೆಳಗಿನವರನ್ನು ಹೊಡೆಯಲು ಮೇಲಿನವರು ಬಾಗಲೇಬೇಕಿತ್ತಲ್ಲ? ಮೂರು ತಿಂಗಳಿಂದ ಹಾಗೆ ಬಾಗಿ ಅವರಿಗೆ ಅಭ್ಯಾಸವಾಗಿತ್ತು. ಕೋವಿಗೆ ಜನ ಸಾಯುವುದನ್ನು ಅವರು ಅದುವರೆಗೆ ಕಂಡಿರಲಿಲ್ಲ ಎನ್ನುತ್ತಾನೆ ನೂನಿಜ್. ಫಿಗೆರೆದೊನ ಜನ ಒಬ್ಬೊಬ್ಬರನ್ನೇ ಗುರಿಯಿಟ್ಟು ಹೊಡೆಯತೊಡಗಿದಾಗ ಮೇಲಿನವರು ಗೋಡೆಯ ಅಂಚು ಬಿಟ್ಟು ಹಿಂದೆ ಸರಿದರು. ಅಂಚು ಖಾಲಿಯಾದದ್ದೇ ತಡ, ಹಾರೆಯವರು ಬುಡಕ್ಕೆ ನುಗ್ಗಿದರು. ಈ ಸಲ ತಲೆಯ ಮೇಲೆ ಏನೂ ಬೀಳುತ್ತಿರಲಿಲ್ಲ. ಕೋವಿ ಗೋಡೆಯನ್ನು ಒಡೆಯಲಿಲ್ಲ. ಹಾರೆಗೆ ನೆರಳು ಹಿಡಿಯಿತು.

ಕೋಟೆಯ ಅಧಿಕಾರಿ ಗೋಡೆಯುದ್ದಕ್ಕೂ ಓಡಾಡುತ್ತಾ ತನ್ನವರಿಗೆ ಧೈರ್ಯ ಹೇಳುತ್ತಿದ್ದ. ಫಿಗೆರೆದೊ ಇದ್ದ ಕಡೆಗೆ ಬಂದ. ಕೆಳಗೆ ಏನಾಗುತ್ತಿದೆ ಎಂದು ನೋಡಬೇಕಿತ್ತು. ನೋಡುವ ಗಂಡಿಯಿರಲಿಲ್ಲ. ಎರಡು ತೆನೆಗಳ ನಡುವೆ ಬಾಗಿದ. ಗುಂಡು ಸರಿಯಾಗಿ ಹಣೆಯ ನಡುವಿಗೆ ಬಿತ್ತು.

ಒಳಗಿನಿಂದ ಗೋಳು ಕೇಳಿಸಿತು, ಗೋಡೆಯ ಮೇಲೆ ಒಬ್ಬರೂ ಉಳಿಯಲಿಲ್ಲ. ಮರುದಿನ ಬಾಗಿಲು ತೆರೆದು ಜನ ಶರಣಾಗಿ ಹೊರಗೆ ಬಂದರು. ಇರುವವರು ಇರಬಹುದು, ಹೋಗುವವರು ತಮ್ಮ ಸಾಮಾನಿನೊಂದಿಗೆ ಹೋಗಬಹುದು ಎಂದ ರಾಯ. ಬಿಚ್ಚಿದ ಗೋಡೆಯನ್ನು ಮತ್ತೆ ಕಟ್ಟಿಸಿದ. ಹತ್ತು ಹಣ ಕೊಟ್ಟು ಕೀಳಿಸಿದ ಕಲ್ಲನ್ನು ಅದೇ ಜಾಗಕ್ಕೆ ಕೂರಿಸಲು ಎಷ್ಟು ಕೂಲಿ ಕೊಟ್ಟರೋ!

ಗೆದ್ದವನ ಕೈಯಲ್ಲಿ, ಸೋತವನ ಕೈಯಲ್ಲಿ

ಬಿಜಾಪುರದ ರಾಯಭಾರಿ ಬಂದು ತೋಪು, ಆನೆ, ಕುದುರೆ, ಜೊತೆಗೆ ರಾಯಚೂರನ್ನೂ ವಾಪಸು ಕೇಳಿದ. ಸುಲ್ತಾನ ಬಂದು ತನ್ನ ಪಾದಕ್ಕೆ ಮುತ್ತಿಟ್ಟರೆ ಎಲ್ಲ ಕೊಡುತ್ತೇನೆ ಎಂದನಂತೆ ರಾಯ. ಗಡಿಯಲ್ಲಿ ಭೇಟಿ ಎಂದು ಗೊತ್ತಾಯಿತು, ಸುಲ್ತಾನ ಬರಲಿಲ್ಲ. ರಾಯ ಬಿಜಾಪುರದವರೆಗೂ ಹೋಗಿ ಅರಮನೆಯಲ್ಲಿ ಉಳಿದ. ಊರು ಹಾಳು ಮಾಡಿ ಎಂದು ಅವನು ಹೇಳಿರಲಿಲ್ಲ. ಸಿಪಾಯಿಗಳು ಅಡುಗೆಯ ಸೌದೆಗೆಂದು ಮನೆಗಳ ಮರ ಕೀಳುತ್ತಾ ಕೀಳುತ್ತಾ ಊರೇ ಹಾಳಾಯಿತು ಎನ್ನುತ್ತಾನೆ ನೂನಿಜ್. ಅಲ್ಲಿಂದಲೂ ದಂಡನ್ನು ಎಬ್ಬಿಸಿದ್ದು ನೀರೇ: ಆದಿಲ್ ಶಾಹನ ಕಡೆಯವರು ಕೆರೆಗಳನ್ನು ಒಡೆದುಬಿಟ್ಟಿದ್ದರು.

ಪಾದದ ಮಾತು ಇತಿಹಾಸದಲ್ಲಿ ಬಹಳ ಮೆರೆದಿದೆ. ನನಗೆ ಅದಕ್ಕಿಂತ ಆ 400 ತೋಪುಗಳು ಮುಖ್ಯವಾಗಿ ಕಾಣುತ್ತವೆ. ರಾಯಚೂರಿನ ಗೋಡೆಯ ಮೇಲೆ ಇನ್ನೂರು, ನದಿಯ ದಡದಲ್ಲಿ ನಾನೂರು. ಎರಡು ಕಡೆಯೂ ತೋಪು ಇದ್ದವನೇ ಸೋತ. ಅದನ್ನು ಕಂಡ ವಿಜಯನಗರದವರಿಗೆ, ತೋಪಿಗಿಂತ ಕುದುರೆಯೂ ಹಾರೆಯೂ ಮೇಲು ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಕಣ್ಣಮುಂದೆ ನಡೆದದ್ದೇ ಹಾಗೆ. ಸೋತವರು ಬೇರೆ ಪ್ರಶ್ನೆ ಕೇಳಿಕೊಂಡರು: ತೋಪು ಇದ್ದೂ ಬುಡಕ್ಕೆ ಯಾಕೆ ಮುಟ್ಟಲಿಲ್ಲ? ಅವರ ಉತ್ತರವನ್ನು ರಾಯಚೂರು, ಮುದಗಲ್ಲುಗಳ ಹೊರಗೋಡೆಗಳಲ್ಲಿ ಓದಬಹುದು. ಗೋಡೆಯಿಂದ ಮುಂದಕ್ಕೆ ಚಾಚಿದ ದುಂಡನೆಯ ಬುರುಜುಗಳು. ಅಲ್ಲಿ ನಿಂತವನು ತನ್ನ ಕಾಲ ಬುಡವನ್ನಲ್ಲ, ಪಕ್ಕದ ಬುರುಜಿನ ಬುಡವನ್ನು ಕಾಯುತ್ತಾನೆ. ಪಕ್ಕದವನು ಇವನ ಬುಡವನ್ನು. ಹಾರೆಯವನು ಗೋಡೆಗೆ ಅಂಟಿ ನಿಂತರೂ ಅಡ್ಡದಿಂದ ಹೊಡೆತ ಬೀಳುತ್ತದೆ. ಹದಿನಾರನೆಯ ಶತಮಾನದುದ್ದಕ್ಕೂ ಆದಿಲ್ ಶಾಹಿಗಳು ಈ ಕೆಲಸ ಮಾಡಿಸುತ್ತಲೇ ಇದ್ದರು. 1565ರ ರಕ್ಕಸಗಿ–ತಂಗಡಗಿ ಯುದ್ಧದ ಬಳಿಕ ರಾಯಚೂರು ಗಡಿಯಾಗಿ ಉಳಿಯಲೇ ಇಲ್ಲ.

ಅದಕ್ಕೆ ಮೊದಲು ಕೋಟೆ ಇನ್ನೊಮ್ಮೆ ಕೈ ಬದಲಾಯಿಸಿತ್ತು. ಸೋತು ನದಿ ದಾಟಿ ಬಂದ ದಿನ ಇಸ್ಮಾಯಿಲ್, ರಾಯಚೂರು ಮುದಗಲ್ಲುಗಳನ್ನು ಮರಳಿ ಪಡೆಯುವವರೆಗೆ ಮದ್ಯ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದನಂತೆ. ಇದೂ ಫಿರಿಷ್ತಾ ಹೇಳುವುದೇ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಇಸ್ಮಾಯಿಲ್ ಮತ್ತೆ ಕೃಷ್ಣೆ ದಾಟಿ ಬಂದು ಮುತ್ತಿಗೆ ಹಾಕಿದ. ಈ ಸಲ ಗೋಡೆಯ ಮೇಲಿದ್ದವರು ವಿಜಯನಗರದವರು. ಕಲ್ಲಿಗೆ ದರ ಕಟ್ಟುವ ಕಷ್ಟ ಬರಲಿಲ್ಲ. ಮೂರು ತಿಂಗಳಿಗೆ ಒಳಗಿನವರು ಮಾತುಕತೆ ಮಾಡಿಕೊಂಡು ಕೋಟೆ ಒಪ್ಪಿಸಿದರು. ಹಬ್ಬ ಏರ್ಪಟ್ಟಿತು. ದಳಪತಿ ಅಸದ್ ಖಾನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಲ್ತಾನ ಬಟ್ಟಲು ಎತ್ತಿದ.